ದಣಿದವರ ಪಾಲಿನ ಕಾಯಕ

ಮಹಾಶಿವರಾತ್ರಿ ಹತ್ತಿರ ಬರುತ್ತಿದೆ. ನ್ಯೂಜೆರ್ಸಿಯ ಎಡಿಸನ್, ಪಿಸ್ಕಾಟವೇ, ಪಾರ್ಸಿಪನಿ, ನ್ಯೂಯಾರ್ಕಿನ ಫ್ಲಷಿಂಗ್, ಲಾಂಗ್ ಐಲೆಂಡ್ ಕಡೆಯ ನಮ್ಮ ಮನೆಗಳಲ್ಲೆಲ್ಲ ಉಪವಾಸಕ್ಕೆ, ಭಜನೆಗೆ, ನಾಲ್ಕು ಯಾಮದ ಪೂಜೆಗೆ ಸಿದ್ಧತೆ ನಡೆದಿದೆ. ಆ ರಾತ್ರಿ ಯಾರು ಬೆಳಗಿನ ತನಕ ಎಚ್ಚರವಿದ್ದರು, ಯಾರು ಹನ್ನೊಂದಕ್ಕೇ ಎದ್ದು ಮನೆಗೆ ಹೋದರು ಎಂಬುದು ಮರುವಾರ ಮಾತಿಗೆ ಬರುತ್ತದೆ. ಆ ಮಾತು ಬಂದಾಗ ತಲೆ ತಗ್ಗಿಸಿ ಕೂರುವವರು ನಮ್ಮ ನಡುವೆಯೇ ಇದ್ದಾರೆ. ಮೂರ್ಛೆರೋಗ ಇರುವವರು, ಮನೆಮಾತಿನಲ್ಲಿ ಫಿಟ್ಸ್ ಅನ್ನುತ್ತೇವಲ್ಲ, ಅದು ಇರುವವರು. ಇವತ್ತಿನ ಅನುಭಾವ ಅವರ ಕುರಿತು, ಅದರಲ್ಲೂ ಅವರ ದಣಿವಿನ ಕುರಿತು.

ಇದು ಯಾರದೋ ಮನೆಯ ಅಪರೂಪದ ಕಾಯಿಲೆ ಎಂದುಕೊಳ್ಳಬೇಡಿ. ನಿಮ್ಹಾನ್ಸ್‌ನ ಡಾ. ಗೌರಿದೇವಿಯವರ ತಂಡ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಸಾವಿರಕ್ಕೆ ಸುಮಾರು ಒಂಬತ್ತು ಜನರಿಗೆ ಮೂರ್ಛೆರೋಗವಿದೆ. ಹಳ್ಳಿಯಲ್ಲಿ ಪಟ್ಟಣದ ಎರಡರಷ್ಟು. ಅಮೆರಿಕದಲ್ಲಿ 2015ರ ಸರ್ಕಾರಿ ಲೆಕ್ಕ ಸುಮಾರು 34 ಲಕ್ಷ. ಇಡೀ ಜಗತ್ತಿನಲ್ಲಿ ಐದು ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯುಗಾದಿ ಊಟಕ್ಕೆ ಇಲ್ಲಿ ಐನೂರು ಜನ ಸೇರಿದರೆ ಅವರಲ್ಲಿ ನಾಲ್ಕೈದು ಜನ ಈ ಕಾಯಿಲೆಯೊಂದಿಗೆ ಬಂದಿರುತ್ತಾರೆ. ಯಾರೆಂದು ನಮಗೆ ತಿಳಿಯುವುದಿಲ್ಲ. ತಿಳಿದರೆ ನಾವು ಹೇಗೆ ನೋಡುತ್ತೇವೆ ಎಂಬ ಅಂಜಿಕೆಯಿಂದ ಅವರು ಹೇಳಿಕೊಳ್ಳುವುದಿಲ್ಲ.

ಫಿಟ್ಸ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಒಬ್ಬರು ಬಿದ್ದು ಕೈಕಾಲು ಸೆಟೆದುಕೊಂಡ ಆ ಎರಡು ನಿಮಿಷ. ಆ ಎರಡು ನಿಮಿಷ ಕಳೆದ ಮೇಲೆ ಉಳಿಯುವ ಇಡೀ ದಿನದ ಬಗ್ಗೆ ನಾವು ಕೇಳಿದ್ದು ಕಡಿಮೆ.

ಮೆಟ್ರೋಪಾರ್ಕ್‌ನಲ್ಲಿ ರೈಲು ಹತ್ತಿ ನ್ಯೂಯಾರ್ಕಿನ ಪೆನ್ ಸ್ಟೇಷನ್‌ಗೆ ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಇಂಥವಳೆಂದು ಬೊಟ್ಟುಮಾಡಿ ಹೇಳುತ್ತಿಲ್ಲ, ಇಂಥವರು ಎಷ್ಟೋ ಮಂದಿ. ರಾತ್ರಿ ನಿದ್ದೆಯಲ್ಲೇ ಫಿಟ್ಸ್ ಬಂದು ಹೋಗಿದೆ. ಅವಳಿಗೆ ಅದರ ನೆನಪಿಲ್ಲ. ಬೆಳಿಗ್ಗೆ ಎದ್ದಾಗ ನಾಲಿಗೆಯ ಒಂದು ಅಂಚು ಉರಿಯುತ್ತದೆ, ಭುಜ ತೊಡೆಗಳು ಯಾರೋ ಬಡಿದ ಹಾಗೆ ನೋಯುತ್ತವೆ, ದಿಂಬಿನ ಮೇಲೆ ಜೊಲ್ಲಿನ ಕಲೆ. ಗಂಡನ ಮುಖ ನೋಡಿದರೆ ಸಾಕು, ಆಗಿದೆ ಎಂದು ಗೊತ್ತಾಗುತ್ತದೆ. ವಾರದ ಮಾತ್ರೆ ಡಬ್ಬಿಯಲ್ಲಿ ಆ ದಿನದ ಮುಚ್ಚಳ ತೆಗೆದು ಮಾತ್ರೆ ನುಂಗುತ್ತಾಳೆ. ಮಗನ ಡಬ್ಬಿಗೆ ಚಿತ್ರಾನ್ನ ತುಂಬುತ್ತಾಳೆ. ಇಷ್ಟು ಮಾಡುವಷ್ಟರಲ್ಲಿ ಅವಳ ಅವತ್ತಿನ ತ್ರಾಣದಲ್ಲಿ ಅರ್ಧ ಮುಗಿದಿರುತ್ತದೆ. ಆಫೀಸಿನಲ್ಲಿ ಮಾತಾಡುತ್ತಿರುವಾಗ ಗೊತ್ತಿರುವ ಪದವೇ ನಾಲಿಗೆಗೆ ಸಿಗುವುದಿಲ್ಲ. ಸಂಜೆ ಮನೆಗೆ ಬಂದವಳು ಬೂಟು ಸಹ ಬಿಚ್ಚದೆ ಸೋಫಾದ ಮೇಲೆ ಒರಗುತ್ತಾಳೆ. ಊರಿನಿಂದ ಬಂದ ಅತ್ತೆ ಅಡುಗೆಮನೆಯಿಂದ ಹೇಳುತ್ತಾರೆ: "ಈಗಿನವರಿಗೆ ಇಷ್ಟಕ್ಕೇ ಸುಸ್ತು. ನಾವು ಹೊಲದ ಕೆಲಸ ಮುಗಿಸಿ ಬಂದು ಇಪ್ಪತ್ತು ಜನಕ್ಕೆ ರೊಟ್ಟಿ ಬಡಿಯುತ್ತಿದ್ದೆವು." ಅತ್ತೆ ಕೆಟ್ಟವರಲ್ಲ. ಸೊಸೆ ಕೇಳಿಸಿಕೊಳ್ಳುತ್ತಾಳೆ. ಉತ್ತರ ಕೊಡುವುದಕ್ಕೂ ಅವಳಲ್ಲಿ ಶಕ್ತಿಯಿಲ್ಲ.

ಈ ದಣಿವು ನಮಗೆಲ್ಲ ಸಂಜೆ ಆಗುವ ಸುಸ್ತಲ್ಲ. ನಮ್ಮ ಸುಸ್ತು ಒಂದು ರಾತ್ರಿ ಮಲಗಿದರೆ ಇಳಿಯುತ್ತದೆ, ಅವರದು ಮಲಗಿ ಎದ್ದರೂ ಹಾಗೇ ಇರುತ್ತದೆ. ಇದಕ್ಕೆ ಕಾರಣ ಒಂದೇ ಅಲ್ಲ. ಫಿಟ್ಸ್ ಬಂದಾಗ ಮಿದುಳಿನ ನರಕೋಶಗಳು ಒಟ್ಟಿಗೆ ಅಂಕೆಮೀರಿ ಕೆಲಸ ಮಾಡುತ್ತವೆ. ಅದು ನಿಂತ ಮೇಲೆ ಗಂಟೆಗಟ್ಟಲೆ, ಕೆಲವರಿಗೆ ಒಂದೆರಡು ದಿನ, ಮಂಕು ಮತ್ತು ನಿತ್ರಾಣ ಉಳಿಯುತ್ತದೆ. ಫಿಟ್ಸ್ ತಡೆಯುವ ಮಾತ್ರೆಗಳು ಅದೇ ನರಕೋಶಗಳ ಉದ್ವೇಗವನ್ನು ತಗ್ಗಿಸಿಯೇ ಕೆಲಸ ಮಾಡುವುದರಿಂದ ಬಹಳಷ್ಟು ಮಂದಿಗೆ ತೂಕಡಿಕೆ, ಜಡತೆ ತರುತ್ತವೆ. ಫೆನೋಬಾರ್ಬಿಟಾಲ್, ಕ್ಲೋಬಜಾಮ್‌ನಂಥ ಔಷಧಿಗಳಲ್ಲಿ ಇದು ಹೆಚ್ಚು. ಲೆವೆಟಿರಾಸೆಟಮ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಸುಸ್ತಿನ ಜೊತೆ ಸಿಡುಕೂ ಸೇರುತ್ತದೆ. ಆ ಸಿಡುಕು ಅವರ ಸ್ವಭಾವ ಎಂದು ಮನೆಯವರು ತಿಳಿಯುತ್ತಾರೆ. ರಾತ್ರಿಯ ಫಿಟ್ಸ್ ನಿದ್ದೆಯನ್ನು ಒಳಗೊಳಗೇ ಕೆಡಿಸುತ್ತದೆ. ಇವೆಲ್ಲಕ್ಕಿಂತ ಗಟ್ಟಿಯಾದ ನಂಟು ಮನಸ್ಸಿನದು: ಈ ರೋಗ ಇರುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಖಿನ್ನತೆಯಿಂದಲೂ ಬಳಲುತ್ತಾರೆ. ಖಿನ್ನತೆ ದಣಿವನ್ನು ಹೆಚ್ಚಿಸುತ್ತದೆ, ದಣಿವು ಖಿನ್ನತೆಯನ್ನು.

ಇದನ್ನು ಅಳೆದು ನೋಡಿದವರು ನಮ್ಮ ಈ ಸೀಮೆಯಲ್ಲೇ ಇದ್ದಾರೆ. ಲಾಂಗ್ ಐಲೆಂಡಿನ ಸ್ಟೋನಿಬ್ರೂಕ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಲಾರೆನ್ ಕ್ರಪ್ ಮತ್ತು ಸಂಗಡಿಗರು ದಣಿವಿನ ತೀವ್ರತೆ ಅಳೆಯಲು ಒಂಬತ್ತು ಹೇಳಿಕೆಗಳ ಒಂದು ಪಟ್ಟಿಯನ್ನು 1989ರಲ್ಲಿ ರೂಪಿಸಿದರು. ಪ್ರತಿ ಹೇಳಿಕೆಗೂ ರೋಗಿಯೇ ಒಂದರಿಂದ ಏಳರ ತನಕ ಅಂಕ ಕೊಡಬೇಕು. ಬೇರೆ ಕಾಯಿಲೆಗಳಿಗೆಂದು ಮಾಡಿದ ಆ ಪಟ್ಟಿಯನ್ನು ಮುಂದೆ ಮೂರ್ಛೆರೋಗದ ಅಧ್ಯಯನಗಳಲ್ಲೂ ಬಳಸಿದರು. ನ್ಯೂಯಾರ್ಕಿನ ನರರೋಗ ತಜ್ಞ ಡಾ. ಆರಿನ್ ಡೆವಿನ್ಸ್ಕಿ ಮತ್ತು ಅವರ ಜೊತೆಗಾರರು 1995ರಲ್ಲಿ ಮೂರ್ಛೆರೋಗ ಇರುವವರ ಬದುಕು ಹೇಗಿದೆ ಎಂದು ಕೇಳಿ ತಿಳಿಯುವ 89 ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಅದರಿಂದ ಆಯ್ದ 31 ಪ್ರಶ್ನೆಗಳ ಚಿಕ್ಕ ಪಟ್ಟಿಯನ್ನು ಈಗ ಹಲವು ದೇಶಗಳಲ್ಲಿ ಬಳಸುತ್ತಾರೆ. ಅದರಲ್ಲಿ ಏಳು ವಿಭಾಗಗಳು. ಫಿಟ್ಸ್ ಮತ್ತೆ ಬಂದೀತೆಂಬ ಚಿಂತೆ ಒಂದು, ಔಷಧಿಯ ತೊಂದರೆ ಒಂದು, ಜನರ ಜೊತೆಗಿನ ಬಾಳು ಒಂದು. ಚೈತನ್ಯ ಮತ್ತು ದಣಿವಿಗೂ ಒಂದು ಸ್ವತಂತ್ರ ವಿಭಾಗವಿದೆ. ಕಳೆದ ನಾಲ್ಕು ವಾರದಲ್ಲಿ ನಿಮಗೆ ಎಷ್ಟು ಹೊತ್ತು ಹುರುಪಿತ್ತು, ಎಷ್ಟು ಹೊತ್ತು ದಣಿದಿದ್ದಿರಿ ಎಂದು ಅದು ಕೇಳುತ್ತದೆ.

ಮನೆಯಲ್ಲಿ ನಾವು ಇದನ್ನು ಕೇಳಿದ್ದೇವೆಯೇ? "ಫಿಟ್ಸ್ ಬಂತಾ?" ಎಂದು ಕೇಳುತ್ತೇವೆ. "ಇಲ್ಲ" ಎಂದರೆ ಸಮಾಧಾನಪಟ್ಟು ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಆಸ್ಪತ್ರೆಯಲ್ಲೂ ಹದಿನೈದು ನಿಮಿಷದ ಭೇಟಿಯಲ್ಲಿ ಇದೇ ನಡೆಯುವುದುಂಟು. ಫಿಟ್ಸ್ ಹತೋಟಿಗೆ ಬಂದ ಮೇಲೂ ದಣಿವು ಹಾಗೇ ಉಳಿದು, ಕೆಲಸ ಓದು ಸಂಸಾರ ಸ್ನೇಹ ಎಲ್ಲವನ್ನೂ ಮೊಟಕು ಮಾಡಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಈಗ ನಮ್ಮ ಧರ್ಮದ ಮಾತಿಗೆ ಬರುತ್ತೇನೆ. ಕಾಯಕಕ್ಕೆ ಕೈಲಾಸದ ಸ್ಥಾನ ಕೊಟ್ಟವರು ನಾವು. ದುಡಿಯದೆ ಉಣ್ಣಬಾರದು ಎಂಬುದು ನಮ್ಮ ರಕ್ತದಲ್ಲಿದೆ, ಈ ದೇಶಕ್ಕೆ ಬಂದು ನೆಲೆನಿಂತವರಿಗಂತೂ ದುಡಿಮೆಯೇ ಗುರುತು. ಕಾಯಕಕ್ಕೆ ನಾವು ಕೊಟ್ಟ ಈ ಗೌರವ ಕಾಯಿಲೆ ಬಿದ್ದವರ ಬೆನ್ನಿಗೆ ಬಾರುಕೋಲು ಆಗಬಾರದಿತ್ತು, ಆದರೆ ಕೆಲವು ಮನೆಗಳಲ್ಲಿ ಹಾಗೇ ಆಗಿದೆ. ಮಧ್ಯಾಹ್ನ ಮಲಗಿದ ಮಗ ಸೋಮಾರಿ, ಸಂಜೆ ಪೂಜೆಗೆ ಬಾರದ ಸೊಸೆ ಭಕ್ತಿಯಿಲ್ಲದವಳು ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಪ್ರಸಂಗ ನಿಮಗೆ ಗೊತ್ತಿದೆ, ಶೂನ್ಯಸಂಪಾದನೆಯಲ್ಲೂ ಬರುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಲಕ್ಕಮ್ಮನ ಅಡುಗೆ, ಜಂಗಮ ದಾಸೋಹ. ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚಾಗಿ ಚೆಲ್ಲಿತ್ತು. ಮಾರಯ್ಯ ಎಂದಿಗಿಂತ ಹೆಚ್ಚು ಆಯ್ದು ತಂದ. ಲಕ್ಕಮ್ಮ ಕಂಡ ಕೂಡಲೇ ಗುರುತಿಸಿದಳು. ಇದು ನಮ್ಮ ಅಳತೆಯದಲ್ಲ, ಇದ್ದಲ್ಲಿಗೇ ಒಯ್ದು ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು.

ಈ ಕಥೆಯನ್ನು ನಾವು ಅತಿಯಾಸೆಗೆ ಮದ್ದು ಎಂದು ಹೇಳುತ್ತ ಬಂದಿದ್ದೇವೆ. ಅದು ಸರಿಯೇ. ಇದರಲ್ಲಿ ನನಗೆ ಇನ್ನೊಂದು ಸಂಗತಿ ಕಾಣುತ್ತದೆ. ಹೆಚ್ಚು ತಂದವನನ್ನು ಲಕ್ಕಮ್ಮ ಹೊಗಳಲಿಲ್ಲ. ಹೆಚ್ಚು ದುಡಿದ ದಿನ ಹೆಚ್ಚು ಭಕ್ತಿಯ ದಿನವೆಂದು ಅವಳು ಲೆಕ್ಕ ಹಾಕಲಿಲ್ಲ. ಅವಳಿಗೆ ಬೇಕಿದ್ದದ್ದು ಅವತ್ತಿನ ಅಳತೆ. ಮೂರ್ಛೆರೋಗ ಇರುವವರ ಮೈಯ ತ್ರಾಣವೂ ಆ ಆಯ್ದ ಅಕ್ಕಿಯ ಹಾಗೆ, ಅವತ್ತಿಗೆ ಅವತ್ತಿನಷ್ಟೇ. ಒಂದು ದಿನ ಒಂದು ಸೇರು, ಫಿಟ್ಸ್ ಬಂದ ಮರುದಿನ ಒಂದು ಹಿಡಿ. ಆ ಹಿಡಿಯಲ್ಲಿ ಅಡುಗೆಯೂ ಆಗಬೇಕು, ಆಫೀಸೂ ಆಗಬೇಕು, ನಮ್ಮ ಸಮುದಾಯದ ಸೇವೆಯೂ ಆಗಬೇಕು ಎಂದರೆ ನಾವು ಅವರಿಂದ ಇಲ್ಲದ ಅಕ್ಕಿ ಕೇಳುತ್ತಿದ್ದೇವೆ. ನಮ್ಮ ಮಾತಿಗೆ ಅಂಜಿ ಅವರು ತಂದರೂ ತಂದಾರು, ನಾಳಿನ ಪಾಲಿನಿಂದ ತೆಗೆದು. ನಿದ್ದೆಗೆಟ್ಟು ಮೈ ದಂಡಿಸಿದ್ದರ ಫಲ ಎಷ್ಟೋ ಸಲ ಮತ್ತೊಂದು ಫಿಟ್ಸ್. ಲಕ್ಕಮ್ಮ ಇದ್ದಿದ್ದರೆ ಅದನ್ನೂ ಹಿಂದಿರುಗಿಸುತ್ತಿದ್ದಳು ಎಂದೇ ನನ್ನ ನಂಬಿಕೆ. ಮೈಗೆ ಇಷ್ಟು ಸಾಕು ಎಂದು ತಿಳಿದು ಮಲಗುವವರು ಕಾಯಕ ತಪ್ಪಿಸಿದವರಲ್ಲ. ಆ ವಿಶ್ರಾಂತಿಯೂ ಅವರ ಕಾಯಕದ ಒಳಗೇ ಇದೆ.

ಆದ್ದರಿಂದ ಶಿವರಾತ್ರಿಯ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಫಿಟ್ಸ್ ಇರುವವರು ಜಾಗರಣೆ ಮಾಡಬೇಡಿ. ನಿದ್ದೆಗೇಡು ಫಿಟ್ಸ್ ಬರಿಸುವ ಕಾರಣಗಳಲ್ಲಿ ಮುಖ್ಯವಾದದ್ದು. ನಿರಾಹಾರ ಉಪವಾಸವೂ ಬೇಡ. ಉಪವಾಸವೆಂದು ಮಾತ್ರೆಯನ್ನು ತಪ್ಪಿಸುವುದಂತೂ ಖಂಡಿತ ಬೇಡ. ಮಾತ್ರೆ ತಪ್ಪಿದರೆ ನಿಲ್ಲದ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ರೋಗಿ, ಮಗು, ಬಸುರಿ, ಮುದುಕರಿಗೆ ಕಠಿಣ ವ್ರತಗಳಿಂದ ವಿನಾಯಿತಿ ಕೊಡುವುದು ನಮ್ಮ ಹಿರಿಯರ ಕಾಲದಿಂದ ಬಂದ ನಡವಳಿಕೆ. ಸಂಜೆ ಇಷ್ಟಲಿಂಗ ಪೂಜೆ ಮಾಡಿ, ಪ್ರಸಾದ ತೆಗೆದುಕೊಂಡು, ಮಾತ್ರೆ ನುಂಗಿ, ಒಂಬತ್ತಕ್ಕೆ ಮಲಗಿದವರ ಶಿವರಾತ್ರಿಯೂ ಪೂರ್ತಿ ಶಿವರಾತ್ರಿಯೇ. ಮನೆಯ ಹಿರಿಯರು ಇದನ್ನು ತಾವಾಗಿಯೇ ಬಾಯಿಬಿಟ್ಟು ಹೇಳಬೇಕು. ಮಗಳು ಅನುಮತಿ ಕೇಳುವ ತನಕ ಕಾಯಬಾರದು.

ಇನ್ನೊಂದು, ನಮ್ಮ ನಾಡಿಗೇ ಹೊಂದಿದ ಸಂಗತಿ. ಹಂಡೆಯಲ್ಲಿ ನೀರನ್ನು ಚೆನ್ನಾಗಿ ಕಾಯಿಸಿ ಚೊಂಬುಚೊಂಬಾಗಿ ತಲೆಯ ಮೇಲೆ ಹೊಯ್ದುಕೊಳ್ಳುವಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಬೇರೆ ದೇಶಗಳಲ್ಲಿ ಇದು ಅಪರೂಪ. ದಕ್ಷಿಣ ಕರ್ನಾಟಕದಲ್ಲಿ ಎಷ್ಟು ಕಂಡುಬಂತೆಂದರೆ ಬೆಂಗಳೂರಿನ ಡಾ. ಕೆ.ಎಸ್. ಮಣಿ ಅದನ್ನು ವೈದ್ಯಲೋಕದ ಗಮನಕ್ಕೆ ತಂದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ಇಲ್ಲಿ ಷವರ್ ಕೆಳಗೆ ನಿಲ್ಲುವ ಮಕ್ಕಳು ರಜೆಗೆ ಮೈಸೂರಿಗೋ ಮಂಡ್ಯಕ್ಕೋ ಹೋದಾಗ ಅಜ್ಜಿ ಪ್ರೀತಿಯಿಂದ ಎಣ್ಣೆ ಹಚ್ಚಿ ಸುಡುಸುಡು ನೀರು ಹೊಯ್ಯುತ್ತಾರೆ. ಮಗುವಿಗೆ ಅಂಥ ಪ್ರವೃತ್ತಿ ಇದ್ದರೆ ಉಗುರುಬೆಚ್ಚಗಿನ ನೀರು ಸಾಕು ಎಂದು ಅಜ್ಜಿಗೆ ಮೊದಲೇ ಹೇಳಿ. ತಲೆಸ್ನಾನಕ್ಕೆ ಮುಂಚೆ ಮಾತ್ರೆ ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ನ್ಯೂಜೆರ್ಸಿಯ ವೈದ್ಯರಿಗೆ ನಮ್ಮ ತಲೆಸ್ನಾನದ ಪದ್ಧತಿ ಗೊತ್ತಿರಲಾರದು, ನೀವೇ ವಿವರಿಸಿ.

ಇಷ್ಟೆಲ್ಲ ತಿಳಿದ ಮೇಲೂ ಈ ರೋಗವನ್ನು ಮುಚ್ಚಿಡುವ ಚಾಳಿ ನಮ್ಮನ್ನು ಬಿಟ್ಟಿಲ್ಲ. ಚರಕ ಸಂಹಿತೆ ಅಪಸ್ಮಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ವಾತ, ಪಿತ್ತ, ಕಫ, ಮೂರೂ ಸೇರಿದ್ದು ಎಂದು ನಾಲ್ಕು ಬಗೆ ಮಾಡಿ ಚಿಕಿತ್ಸೆ ಹೇಳಿತು. ಅಷ್ಟು ಹಿಂದೆಯೇ ಇದು ಔಷಧಿಯ ವಿಷಯವಾಗಿತ್ತು. ಆದರೂ ನಮ್ಮ ಕಾಲಕ್ಕೂ ಗಾಳಿ, ಶಾಪ, ಕರ್ಮ ಎಂಬ ಮಾತು ಉಳಿದುಬಂತು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂಬ ಮಾತು ಇತ್ತು, 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಕಾನೂನು ತಿದ್ದಿಕೊಂಡು ಕಾಲು ಶತಮಾನವೇ ಆಯಿತು. ವಧುವರರ ಮಾತುಕತೆಯಲ್ಲಿ ನಾವು ಇನ್ನೂ ತಿದ್ದಿಕೊಂಡಿಲ್ಲ. ಮಾತ್ರೆ ಡಬ್ಬಿಯನ್ನು ಸೀರೆಯ ಮಡಿಕೆಯ ಹಿಂದೆ ಅಡಗಿಸಿಟ್ಟು ಗಂಡನ ಮನೆಯಲ್ಲಿ ಬಾಳುವ ಹೆಣ್ಣುಮಕ್ಕಳಿದ್ದಾರೆ. ದಣಿವಿನ ಮೇಲೆ ಈ ಬಚ್ಚಿಡುವ ದಣಿವು ಬೇರೆ. ಸರಿಯಾಗಿ ಗುರುತಿಸಿ ಔಷಧಿ ಕೊಟ್ಟರೆ ಹತ್ತರಲ್ಲಿ ಏಳು ಜನ ಫಿಟ್ಸ್ ಇಲ್ಲದೆ ಬಾಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಮಣಿಯವರ ತಂಡ ಫೆನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಜನರ ಫಿಟ್ಸನ್ನು ಹತೋಟಿಗೆ ತರಬಹುದೆಂದು ತೋರಿಸಿತು, ಆ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಂಥ ರೋಗವನ್ನು ಮುಚ್ಚಿಡುವುದರಲ್ಲಿ ಯಾವ ಮಾನವೂ ಇಲ್ಲ.

ಫಿಟ್ಸ್ ಬಂದಾಗ ಏನು ಮಾಡಬೇಕೆಂಬುದು ಗೊತ್ತಿರಲಿ. ಗಾಬರಿಯಾಗಬೇಡಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 911ಕ್ಕೆ ಕರೆ ಮಾಡಿ. ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ಈರುಳ್ಳಿ ಹಿಂಡುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಎಚ್ಚರ ಬಂದ ಮೇಲೆ ಸುತ್ತ ಗುಂಪುಗೂಡಿ "ಏನಾಯ್ತು, ಏನಾಯ್ತು" ಎಂದು ಕೇಳಬೇಡಿ. ಒಬ್ಬರು ಪಕ್ಕದಲ್ಲಿದ್ದು ಮಲಗಲು ಬಿಡಿ.

ಕಾಯಿಲೆ ಇರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ದಣಿವನ್ನು ವೈದ್ಯರ ಮುಂದೆ ಹೇಳಿ. ಫಿಟ್ಸ್ ಬಂದ ದಿನ ಬರೆದಿಡುವ ಪುಸ್ತಕದಲ್ಲೇ ಸುಸ್ತಾದ ದಿನಗಳನ್ನೂ ಬರೆದಿಡಿ. ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಲು ಸಾಧ್ಯವಿರಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಥೈರಾಯ್ಡ್, ರಕ್ತಹೀನತೆ, ಖಿನ್ನತೆ ಇವೆಯೇ ಎಂದು ಪರೀಕ್ಷಿಸಲು ಕೇಳಿ, ಇವಕ್ಕೆಲ್ಲ ಚಿಕಿತ್ಸೆ ಇದೆ. ನೀವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ. ಕೆಲಸದ ಜಾಗದಲ್ಲಿ ಹೊತ್ತು ಬದಲಿಸಿಕೊಳ್ಳುವುದು, ನಡುವೆ ಬಿಡುವು, ಮನೆಯಿಂದ ಕೆಲಸ ಇವನ್ನು ಕೇಳಲು ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಅವಕಾಶ ಕೊಡುತ್ತದೆ. ಬಂದು ಹೋಗುವ ಕಾಯಿಲೆಗಳೂ ಅದರಡಿ ಬರುತ್ತವೆ ಎಂದು 2008ರ ತಿದ್ದುಪಡಿ ಸ್ಪಷ್ಟಪಡಿಸಿತು. ವೀಸಾ, ವಿಮೆ ಎರಡೂ ಕೆಲಸಕ್ಕೆ ಅಂಟಿಕೊಂಡಿರುವ ನಮ್ಮ ಯುವಕರು ಕೇಳಲು ಅಂಜುತ್ತಾರೆ ಎಂಬುದು ನನಗೆ ಗೊತ್ತಿದೆ. ಅಂಜಿಕೆ ಇದ್ದರೆ ಮೊದಲು ನಮ್ಮಲ್ಲಿರುವ ವಕೀಲರ ಜೊತೆ ಕೂತು ಮಾತಾಡಿ, ಒಬ್ಬರೇ ಹೊತ್ತುಕೊಂಡು ತಿರುಗಬೇಡಿ.

ಕೊನೆಗೆ ಕಾರಿನ ವಿಷಯ. ನ್ಯೂಜೆರ್ಸಿಯಲ್ಲಿ ಮತ್ತೆ ಮತ್ತೆ ಫಿಟ್ಸ್ ಬರುವ ರೋಗಿಯ ಬಗ್ಗೆ ವೈದ್ಯರು ಮೋಟಾರು ವಾಹನ ಇಲಾಖೆಗೆ ತಿಳಿಸಲೇಬೇಕೆಂಬ ಕಾನೂನಿದೆ. ಲೈಸೆನ್ಸ್ ಹೋದೀತೆಂದು ಕೆಲವರು ವೈದ್ಯರ ಮುಂದೆ ಫಿಟ್ಸ್ ಬಂದದ್ದನ್ನೇ ಮರೆಮಾಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಆದರೆ ಕಾರು ಓಡಿಸುವುದನ್ನು ಬಿಟ್ಟವರು ಈ ಊರುಗಳಲ್ಲಿ ಮನೆಯೊಳಗೇ ಸಿಕ್ಕಿಬೀಳುತ್ತಾರೆ ಎಂಬುದೂ ಅಷ್ಟೇ ನಿಜ. ನ್ಯೂಜೆರ್ಸಿ ಟ್ರಾನ್ಸಿಟ್‌ನ ಆಕ್ಸೆಸ್ ಲಿಂಕ್, ನ್ಯೂಯಾರ್ಕಿನ ಆಕ್ಸೆಸ್-ಎ-ರೈಡ್ ಎಂಬ ಸೇವೆಗಳಿವೆ, ಅರ್ಹತೆ ಇದ್ದವರು ಅರ್ಜಿ ಹಾಕಬಹುದು. ಅವು ಬರುವ ಹೊತ್ತಿಗೆ ಕಾದು ನಿಲ್ಲಲೂ ತ್ರಾಣ ಬೇಕು. ಈ ಕೊರತೆಯನ್ನು ತುಂಬಬೇಕಾದವರು ನಾವು. ದಾಸೋಹವೆಂದರೆ ಅನ್ನ ಬಡಿಸುವುದಷ್ಟೇ ಎಂದು ಬಸವಣ್ಣನವರು ಹೇಳಿಲ್ಲ.

ಈ ಸಲದ ಶಿವರಾತ್ರಿಗೆ ಮೊದಲ ಯಾಮದ ಪೂಜೆ ಸಂಜೆ ಆರಕ್ಕೇ ಶುರುವಾಗುತ್ತದೆ, ಏಳೂವರೆಗೆ ಪ್ರಸಾದ. ಬೇಗ ಹೋಗಬೇಕಾದವರನ್ನು ಯಾರೂ ಕಾರಣ ಕೇಳಬೇಡಿ. ಪೂಜಾಮಂದಿರದ ಪಕ್ಕದ ಕೋಣೆಯಲ್ಲಿ ದೀಪ ತಗ್ಗಿಸಿ ಎರಡು ಹಾಸಿಗೆ ಹಾಕಿಸಿಡುತ್ತೇವೆ, ದಣಿದವರು ಯಾರಾದರೂ ಹೋಗಿ ಮಲಗಬಹುದು. ಕರೆದುಕೊಂಡು ಬಂದು ಮತ್ತೆ ಮನೆ ಮುಟ್ಟಿಸಲು ಕಾರಿನಲ್ಲಿ ಜಾಗ ಇರುವವರು, ಇವತ್ತೇ ಹೊರಡುವ ಮುಂಚೆ, ದಾಸೋಹದ ಮೇಜಿನ ಮೇಲಿರುವ ಪುಸ್ತಕದಲ್ಲಿ ನಿಮ್ಮ ಹೆಸರು, ಊರು, ಫೋನ್ ನಂಬರ್ ಬರೆದು ಹೋಗಿ.